ಹೋಟೆಲಿನ ಹಿಂಬಾಗಿಲು

ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲು. ತಿಂದು ಮುಗಿಸಿ ಗಲ್ಲಾ ಹತ್ತಿರ ದುಡ್ಡು ಕೊಡ್ತಾ, "ಒಳಗೆ ಅಡುಗೆಮನೆ ಒಂಚೂರು ನೋಡಬಹುದಾ?" ಅಂತ ಕೇಳಿದೆ. ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಯಾಕವ್ವ, ಫುಡ್ ಇಲಾಖೆಯಾ?"

ಅಲ್ಲ ಅಂದೆ.

"ಮತ್ತೆ ಯೂಟ್ಯೂಬಾ?"

ಅದೂ ಅಲ್ಲ ಅಂದೆ. ಹಿಂದಿನ ಬಾಗಿಲು ನೋಡಬೇಕು, ಸೌದೆ ಇಳಿಸೋ ಜಾಗ ನೋಡಬೇಕು ಅಂದಾಗ ಅವರಿಗೆ ನಗು ಬಂತು. "ಮುಂದಿನ ಬಾಗ್ಲಾಗ ಬಂದು ಹಿಂದಿನ ಬಾಗ್ಲು ಕೇಳ್ತೀಯಲ್ಲವ್ವ. ಹೋಗು, ನೋಡು. ಕಾವಲಿ ಹತ್ರ ಮಾತ್ರ ಹೋಗಬ್ಯಾಡ" ಅಂದರು.

ಒಳಗೆ ಕಾಲಿಟ್ಟರೆ ಮೊದಲು ಸಿಗೋದು ವಾಸನೆ ಅಲ್ಲ, ಬಿಸಿ. ಕಾವಲಿ ಅಂದ್ರೆ ನಮ್ಮ ಫ್ಲ್ಯಾಟುಗಳ ನಾನ್‌ಸ್ಟಿಕ್ ತವಾ ಅಲ್ಲ. ಬಾಗಿಲಿನ ಹಲಗೆಯಷ್ಟು ಅಗಲದ ದಪ್ಪ ಕಬ್ಬಿಣ. ಕೆಳಗೆ ಗ್ಯಾಸ್ ಇಲ್ಲ, ಸೌದೆ. ಮಾಸ್ಟ್ರು ಒಂದು ಹಿಡಿ ನೀರು ಎರಚಿ ಕಡ್ಡಿಪೊರಕೆಯಿಂದ ಒಂದೇ ಎಳೆತಕ್ಕೆ ಕಾವಲಿ ಗುಡಿಸಿದರು. ಮೂರು ಸಾಲು, ಸಾಲಿಗೆ ನಾಲ್ಕರಂತೆ ಹಿಟ್ಟು ಬಿತ್ತು. ಹನ್ನೆರಡನೆಯದನ್ನು ಸುತ್ತಿ ಮುಗಿಸೋ ಹೊತ್ತಿಗೆ ಮೊದಲನೆಯದರ ಮೇಲೆ ತೂತು ಬಿದ್ದಿತ್ತು. ಬೆಣ್ಣೆ ಬಿತ್ತು, ದೋಸೆ ಮಗುಚಿತು, ಮತ್ತೆ ಬೆಣ್ಣೆ. ಅರಿಶಿನ ಹಾಕದ ಬಿಳೀ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ, ಮೇಲೆ ಇನ್ನೊಂದು ಚೂರು ಬೆಣ್ಣೆ ಸೇರಿ ತಟ್ಟೆ ಹೊರಗೆ ಹೋಯಿತು. ಮೊಬೈಲಲ್ಲಿ ಟೈಮ್ ನೋಡ್ಕೊಂಡೆ, ಮೂರು ನಿಮಿಷ ಆಗಿರಲಿಲ್ಲ. ಫಾಸ್ಟ್ ಫುಡ್ ಅನ್ನೋ ಹೆಸರು ನಮಗೆ ಬರೋ ಮುಂಚೆಯೇ ಈ ಊರು ಅದನ್ನು ಮಾಡ್ತಾ ಇತ್ತು.

ಆದರೆ ಒಳಗೆ ನಿಂತು ನೋಡಿದರೆ ಆ ಮೂರು ನಿಮಿಷ ಬಿಟ್ಟು ಬೇರೆ ಯಾವುದೂ ಬೇಗ ಆಗಲ್ಲ. ಮೂಲೆಯಲ್ಲಿದ್ದ ಹಿಟ್ಟು ಹಿಂದಿನ ದಿನದ್ದು. ಅಕ್ಕಿ, ಉದ್ದು, ಚೂರು ಮೆಂತ್ಯ ನೆನೆಹಾಕಿ, ಮಂಡಕ್ಕಿ ಸೇರಿಸಿ ರುಬ್ಬಿ ರಾತ್ರಿಯಿಡೀ ಬಿಟ್ಟಿದ್ದು. ಬೆಣ್ಣೆ ನೀರು ತುಂಬಿದ ಪಾತ್ರೆಯಲ್ಲಿ ಉಂಡೆ ಉಂಡೆಯಾಗಿ ಮುಳುಗಿತ್ತು. ಉರಿ ಹೆಚ್ಚು ಕಮ್ಮಿ ಮಾಡೋಕೆ ತಿರುಪು ಇಲ್ಲ. ಹೆಚ್ಚಾದರೆ ಮಾಸ್ಟ್ರು ಕೊಳ್ಳಿ ಈಚೆಗೆ ಎಳೀತಾರೆ, ಕಮ್ಮಿಯಾದರೆ ಮಾತಾಡ್ತಾ ಮಾತಾಡ್ತಾ ಕಾಲಲ್ಲೇ ಒಳಗೆ ತಳ್ಳುತ್ತಾರೆ. "ಗ್ಯಾಸ್ನಾಗ ಮಾಡಿದ್ರ ದೋಸಿ ಆಕ್ಕತಿ, ಬೆಣ್ಣಿ ದೋಸಿ ಆಗಂಗಿಲ್ಲ" ಅಂದರು.

ಹಿಂಬಾಗಿಲ ಆಚೆ ಒಂದು ಸಣ್ಣ ಓಣಿ. ಗೋಡೆಗೆ ಒರಗಿಸಿ ಸೌದೆ ಒಟ್ಟಿದ್ದರು. ಈಗ ಟ್ರ್ಯಾಕ್ಟರಲ್ಲಿ ಬರುತ್ತಂತೆ. ನಾನು ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಯಾಕೆ ಅಂತ ಮಾಸ್ಟ್ರಿಗೆ ಹೇಳಲಿಲ್ಲ, ಇಲ್ಲಿ ಹೇಳ್ತೀನಿ. ನಮ್ಮದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಕಡೆಯ ಒಂದು ತಾಂಡಾ. ನಮ್ಮಪ್ಪನ ಅವ್ವ, ನಮ್ಮ ದಾದಿ, ಚಿಕ್ಕ ವಯಸ್ಸಲ್ಲಿ ತಲೆ ಮೇಲೆ ಸೌದೆ ಹೊರೆ ಹೊತ್ತು ಪೇಟೆಗೆ ಹೋಗಿ ಮಾರ್ತಿದ್ದಳು. ಮನೆಗಳಿಗಿಂತ ಹೋಟೆಲಿನವರು ವಾಸಿ, ಚೌಕಾಸಿ ಕಮ್ಮಿ, ದಿನಾ ಬೇಕು. ಹೊರೆ ಇಳಿಸೋದು ಹಿಂಬಾಗಿಲಲ್ಲಿ. ದುಡ್ಡಿನ ಜೊತೆ ಒಂದೊಂದು ದಿನ ಮುತ್ತುಗದ ಎಲೆಯಲ್ಲಿ ಒಂದು ದೋಸೆ. ಆಕೆ ಹೋಟೆಲುಗಳ ಬಗ್ಗೆ ಎಷ್ಟೋ ಹೇಳ್ತಿದ್ದಳು: ಯಾವ ಭಟ್ಟರು ಸಿಡುಕ, ಯಾರ ಒಲೆ ಹೊಗೆ ಉಗುಳುತ್ತೆ, ಯಾರು ಹಸಿ ಸೌದೆ ಅಂತ ಸುಳ್ಳು ಹೇಳಿ ದುಡ್ಡು ಮುರೀತಾರೆ. ಯಾವ ಹೋಟೆಲಿನ ಮುಂಭಾಗ ಹೇಗಿತ್ತು ಅಂತ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ದೋಸೆ ಹೇಗಿತ್ತು ಅಂದರೆ "ಉಪ್ಪು ಕಮ್ಮಿ" ಅಂತಿದ್ದಳು.

ಉಪ್ಪಿನ ಮಾತಿಗೆ ಆಮೇಲೆ ಬರ್ತೀನಿ. ಮೊದಲು ದೋಸೆ.

ಬೆಣ್ಣೆ ದೋಸೆಗೆ ಒಂದು ಹುಟ್ಟಿನ ಕತೆ ಇದೆ, ದಾವಣಗೆರೆಯವರು ಯಾರನ್ನು ಕೇಳಿದರೂ ಹೇಳ್ತಾರೆ. 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನೋ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಈ ಊರಿಗೆ ಬಂದಳು, ವಸಂತ ಟಾಕೀಸ್ ಪಕ್ಕ ಸವಳಗಿ ನಾಟಕ ಥಿಯೇಟರ್ ಹತ್ತಿರ ರಾಗಿ ದೋಸೆ ಹುಯ್ದು ಮಾರಿದಳು, ಹತ್ತು ವರ್ಷದ ಆಸುಪಾಸಿನಲ್ಲಿ ರಾಗಿ ಹೋಗಿ ಅಕ್ಕಿ ಬಂತು, ಬೆಣ್ಣೆ ಬಂತು, ಮಕ್ಕಳು ಶಾಂತಪ್ಪ ಮತ್ತು ಮಹದೇವಪ್ಪ ಹೋಟೆಲು ಹಾಕಿದರು. ಈ ಕತೆಯಲ್ಲಿ ನನಗೆ ಇಷ್ಟವಾಗೋದು ಜಾಗ. ನಾಟಕದ ಕೊಟ್ಟಿಗೆಯ ಪಕ್ಕ. ನಾಟಕ ಶುರುವಾಗೋ ಮುಂಚೆ ಒಂದು ತುತ್ತು, ಬಿಟ್ಟ ಮೇಲೆ ಒಂದು ತುತ್ತು, ನಿಧಾನ ಮಾಡಿದರೆ ಗಿರಾಕಿ ಹೋದ. 1930ರ ದಶಕದಲ್ಲಿ ಹತ್ತಿ ಗಿರಣಿಗಳೂ ಬಂದವು, ಶಿಫ್ಟಿನ ಜನ ಬಂದರು. ಗಂಟೆಗೆ ಕಟ್ಟುಬಿದ್ದ ಹೊಟ್ಟೆಗಳು ಇರೋ ಊರಲ್ಲಿ ಮಾತ್ರ ಮೂರು ನಿಮಿಷದ ಅಡುಗೆ ಹುಟ್ಟುತ್ತೆ. ಬೆಂಗಳೂರಲ್ಲಿ 1980ರ ದಶಕದಲ್ಲಿ ದರ್ಶಿನಿಗಳು ಬಂದಿದ್ದೂ ಇಂಥದೇ ಅವಸರಕ್ಕೆ. ಅಲ್ಲಿ ಅಡುಗೆಮನೆಯನ್ನೇ ಗಿರಾಕಿ ಕಣ್ಣೆದುರು ತಂದಿಟ್ಟು ದರ್ಶನ ಮಾಡಿಸಿದರು, ಅದೊಂದೇ ವ್ಯತ್ಯಾಸ. ಅಲ್ಲೂ ಕೌಂಟರಿನಿಂದ ಒಲೆ ಕಾಣುತ್ತೆ, ಒಲೆಯ ಹಿಂದಿನದು ಕಾಣಲ್ಲ.

ಹೊಗಳಿದ್ದು ಸಾಕು. ಈ ಕತೆಯಲ್ಲಿ ಅಕ್ಕಿ ಬಂತು, ಬೆಣ್ಣೆ ಬಂತು ಅಂತಾರೆ. ಯಾರು ತಂದರು? ಕ್ರಿಯಾಪದ ಇದೆ, ಕರ್ತೃ ಇಲ್ಲ.

ಬೆಣ್ಣೆಯನ್ನೇ ತಗೊಳ್ಳಿ. ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳಿದ್ದು 1673ರಿಂದ 1704) ಸರ್ಕಾರದಲ್ಲಿ ಒಂದು ಇಲಾಖೆ ಇತ್ತು, ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸೋ ದನಗಳ ಲೆಕ್ಕ ನೋಡೋ ಇಲಾಖೆ. ದನ ಮೇಯೋಕೆ ನಾಡಿನ ತುಂಬ ಕಾವಲುಗಳು, ಅಂದರೆ ಕಾದಿಟ್ಟ ಹುಲ್ಲುಗಾವಲು. ನಮ್ಮ ಈ ಸೀಮೆಯ ಸುತ್ತಮುತ್ತ, ಚಿತ್ರದುರ್ಗ, ಅಜ್ಜಂಪುರದ ಕಡೆ, ಊರ ಹೆಸರಲ್ಲೂ ಪಹಣಿಯಲ್ಲೂ ಈಗಲೂ ಕಾವಲು ಅನ್ನೋ ಮಾತು ಸಿಗುತ್ತೆ. ಹೈದರಾಲಿ ಬಂದಾಗ ಅವನ ಕಣ್ಣು ಬಿದ್ದಿದ್ದು ಬೆಣ್ಣೆ ಮೇಲಲ್ಲ, ಕರುಗಳ ಮೇಲೆ. ಆ ಹೋರಿಗಳು ಫಿರಂಗಿ ಎಳೆದವು. ಚಿದಂಬರಂ ಕಾಪಾಡೋಕೆ ಅವನು ಎರಡೂವರೆ ದಿನದಲ್ಲಿ ಸುಮಾರು 100 ಮೈಲಿ ಓಡಿದ್ದು ಈ ಎತ್ತುಗಳ ಬಲದಿಂದ ಅಂತ ಗೆಜೆಟಿಯರುಗಳಲ್ಲಿ ಬರೆದಿದೆ. ಟಿಪ್ಪು ಇಲಾಖೆಗೆ ಅಮೃತ ಮಹಲ್ ಅಂತ ಹೊಸ ಹೆಸರಿಟ್ಟ. ಬೆಣ್ಣೆ ಅನ್ನೋ ಪದ ಹೋಯಿತು, ತಳಿಗೆ ಅದೇ ಹೆಸರು ಉಳಿಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳೂ ಇಂಗ್ಲಿಷರ ಕೈಗೆ ಹೋದವು. ನಾವು ಶಾಲೆಯಲ್ಲಿ ಮೈಸೂರು ಯುದ್ಧಗಳನ್ನು ಒಂದು, ಎರಡು, ಮೂರು, ನಾಲ್ಕು ಅಂತ ಬಾಯಿಪಾಠ ಮಾಡಿದೆವು, ರಾಕೆಟ್ ಬಗ್ಗೆಯೂ ಓದಿದೆವು. ಎತ್ತು ಯಾವ ಪಾಠದಲ್ಲೂ ಬರಲಿಲ್ಲ.

ಫಿರಂಗಿ ಎಳೆಯೋ ಎತ್ತಿಗಿಂತ ನನಗೆ ಹತ್ತಿರದ್ದು ಹೇರೆತ್ತು. ಬೆನ್ನ ಮೇಲೆ ಎರಡೂ ಕಡೆ ಗೋಣಿ ಇಳಿಬಿಟ್ಟ ಎತ್ತು. ರಸ್ತೆ ಇಲ್ಲದ ಕಡೆ ಗಾಡಿ ನಡೆಯಲ್ಲ, ಹೇರೆತ್ತು ನಡೆಯುತ್ತೆ. ನಮ್ಮ ಜನರ ಕಸುಬು ಅದು. ಲಂಬಾಣಿ, ಲಮಾಣಿ ಅನ್ನೋ ಹೆಸರನ್ನು ಲವಣ ಅನ್ನೋ ಪದಕ್ಕೆ ಜೋಡಿಸ್ತಾರೆ, ಬಂಜಾರ ಅನ್ನೋದನ್ನು ವಣಜಕ್ಕೆ, ಅಂದರೆ ವ್ಯಾಪಾರಕ್ಕೆ. ನಾವು ನಮ್ಮನ್ನು ಗೋರ್ ಅಂತ ಕರ್ಕೋತೀವಿ. ಸಮುದ್ರದಿಂದ ಉಪ್ಪು ಒಳನಾಡಿಗೆ, ಒಳನಾಡಿನ ಧಾನ್ಯ ಬೇಕಾದ ಕಡೆಗೆ. 1632ರಲ್ಲಿ ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ಪ್ರವಾಸಿ ಉತ್ತರ ಹಿಂದೂಸ್ತಾನದಲ್ಲಿ ದಾರಿ ಮೇಲೆ ಒಂದು ತಾಂಡಾ ನೋಡಿ ಬರೆದಿಟ್ಟ: 14,000 ಎತ್ತು, ಎಲ್ಲದರ ಮೇಲೂ ಗೋಧಿ, ಅಕ್ಕಿ. ಹೆಂಡತಿ ಮಕ್ಕಳು ಜೊತೆಗೆ. ದಿನಕ್ಕೆ ಹೆಚ್ಚೆಂದರೆ ಆರೇಳು ಮೈಲಿ. ಅದೇ ಶತಮಾನದ ಫ್ರೆಂಚ್ ವಜ್ರದ ವ್ಯಾಪಾರಿ ತಾವೆರ್ನಿಯೇ ಬರೆದ ಪ್ರಕಾರ ಇವರಲ್ಲಿ ನಾಲ್ಕು ಪಂಗಡ: ಒಂದು ಜೋಳ ಗೋಧಿಯಂಥ ಕಾಳು, ಒಂದು ಅಕ್ಕಿ, ಒಂದು ಬೇಳೆ, ಒಂದು ಉಪ್ಪು ಹೊರುತ್ತಿತ್ತು. ಓದಿದಾಗ ನನಗೆ ನಗು ಬಂತು. ನಮ್ಮ ಆಫೀಸಲ್ಲಿ ಸಪ್ಲೈ ಚೈನ್ ಅಂತ ಒಂದು ಟೀಮ್ ಇದೆ, ಅವರ ಸ್ಲೈಡ್‌ಗಳಲ್ಲೂ ಹೀಗೇ ನಾಲ್ಕು ಡಬ್ಬಿ ಇರುತ್ತೆ.

ತಾಂಡಾ ಅಂದರೆ ಈಗ ಊರ ಹೊರಗಿನ ನಮ್ಮ ಕೇರಿ. ಆಗ ತಾಂಡಾ ಅಂದರೆ ನಡೆಯುತ್ತಿದ್ದ ಆ ಗುಂಪು.

ಸೈನ್ಯಗಳಿಗೆ ಇವರು ಬೇಕೇ ಬೇಕಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋದ. ಅರಕೆರೆಯಲ್ಲಿ ಯುದ್ಧ ಗೆದ್ದ. ಕೋಟೆ ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಸೈನಿಕರಿಗೆ ಅಕ್ಕಿ ಇಲ್ಲ, ಎತ್ತುಗಳು ಸಾಲಾಗಿ ಸತ್ತವು, ಎಳೆಯೋರಿಲ್ಲದ ದೊಡ್ಡ ಫಿರಂಗಿಗಳನ್ನು ಕೈಯಾರೆ ಹಾಳುಮಾಡಿ ವಾಪಸ್ ಬಂದ. ಗೆದ್ದವನು ಹಸಿವಿಗೆ ಸೋತ. ಮುಂದಿನ ಸಲಕ್ಕೆ ಕಂಪನಿಯವರು ಬಂಜಾರರನ್ನು ಹುಡುಕಿ, ಮುಂಗಡ ಕೊಟ್ಟು ಒಪ್ಪಿಸಿದರು. 1792ರ ಫೆಬ್ರವರಿಯಲ್ಲಿ ಮತ್ತೆ ಹೋದಾಗ ಹೊಟ್ಟೆ ತುಂಬಿತ್ತು. ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಇದನ್ನು ನಾನು ಹೆಮ್ಮೆಯಿಂದ ಹೇಳ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಯಾರ ಯುದ್ಧ ಅಂತ ಕೇಳೋದು ಅಕ್ಕಿ ಹೊರೋರ ಕೈಯಲ್ಲಿರಲಿಲ್ಲ. ದುಡ್ಡು ಕೊಟ್ಟವರಿಗೆ ಮಾರಿದರು. ಇವತ್ತು ಜೊಮ್ಯಾಟೊ ಹುಡುಗ ಬಾಗಿಲ ಒಳಗಿರೋದು ಯಾರ ಮನೆ ಅಂತ ಕೇಳ್ತಾನಾ?

ನಮ್ಮ ಮಗ್ಗುಲಲ್ಲೇ ಇನ್ನೊಂದು ನಡೆಯಿತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರಲ್ಲಿ ಕೋಟೆ ಬಿದ್ದ ಗಲಾಟೆಯಲ್ಲಿ ಹೊರಬಿದ್ದು, ಕೆಲಸ ಕಳಕೊಂಡ ಸೈನಿಕರನ್ನು ಸೇರಿಸಿಕೊಂಡು ಈ ಸೀಮೆಯೆಲ್ಲ ಎಬ್ಬಿಸಿದ. ಅವನ ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ವೆಲಿಂಗ್ಟನ್. 1800ರ ಜೂನಲ್ಲಿ ಹರಿಹರದ ಹತ್ತಿರ ತುಂಗಭದ್ರೆ ದಾಟಿ, ಸೆಪ್ಟೆಂಬರ್ 10ರಂದು ಕೋಣಗಲ್‌ನಲ್ಲಿ ಧೋಂಡಿಯಾನನ್ನು ಮುಗಿಸಿದ. ಆ ತಿಂಗಳುಗಳಲ್ಲಿ ಅವನು ಬರೆದ ಪತ್ರಗಳನ್ನು ನೋಡಿದರೆ ಕತ್ತಿ ಕುದುರೆಗಿಂತ ಎತ್ತು, ಅಕ್ಕಿ, ಬ್ರಿಂಜಾರಿಗಳದ್ದೇ ಚಿಂತೆ. ಬ್ರಿಂಜಾರಿ ಅಂದರೆ ನಾವೇ, ಇಂಗ್ಲಿಷರ ನಾಲಿಗೆಯಲ್ಲಿ.

ದಾವಣಗೆರೆ ಪೇಟೆ ಬೆಳೆದಿದ್ದು ಕೂಡ ಎತ್ತಿನ ಬೆನ್ನಿನ ಮೇಲೆ. ಹೈದರ್ ಈ ಊರನ್ನು ಅಪ್ಪೋಜಿ ರಾಮ್ ಅನ್ನೋ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಅವನು ವ್ಯಾಪಾರಿಗಳನ್ನು ಕರೆಸಿ ಕೂರಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಮೂಡಲಕ್ಕೆ ವಾಲಾಜಾಪೇಟೆ ತನಕ ಹೋಗ್ತಿತ್ತು. ವಾಪಸ್ ಬರುವಾಗ ಹಡಗಿನಲ್ಲಿ ಬಂದ ಸಾಮಾನು, ಉಪ್ಪು. 1880ರ ದಶಕದ ಕೊನೆಗೆ ಹರಿಹರದ ತನಕ ರೈಲು ಬಂತು. ಊರಿಗೆ ಅದು ವರ. ಹತ್ತಿ, ಗಿರಣಿ, ನಾಟಕ ಕಂಪನಿ, ಚೆನ್ನಮ್ಮನ ದೋಸೆ, ಎಲ್ಲವೂ ಆ ಹಳಿಯ ಹಿಂದೆ ಬಂದವು ಅಂದರೆ ತಪ್ಪಲ್ಲ. ಹೇರೆತ್ತಿನವರಿಗೆ ಅದೇ ಹಳಿ ಕುತ್ತಿಗೆಗೆ ಬಂತು. ಎತ್ತು ತಿಂಗಳುಗಟ್ಟಲೆ ನಡೆದು ತರೋ ಉಪ್ಪನ್ನು ರೈಲು ಒಂದೆರಡು ದಿನಕ್ಕೆ ತಂದರೆ ಎತ್ತಿನವನ ಹತ್ತಿರ ಯಾರು ಕೊಳ್ತಾರೆ?

ಕೆಲಸ ಹೋಗಿದ್ದು ಸಾಲದು ಅಂತ ಹೆಸರೂ ಹೋಯಿತು. 1871ರಲ್ಲಿ ಇಂಗ್ಲಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತು. ಒಂದು ಕಡೆ ನಿಲ್ಲದೆ ಓಡಾಡೋ ಜನ ಅಂದರೆ ಹುಟ್ಟಾ ಕಳ್ಳರು ಅನ್ನೋ ಲೆಕ್ಕ. ಆ ಪಟ್ಟಿಗಳಲ್ಲಿ ಬಂಜಾರರ ಎಷ್ಟೋ ಗುಂಪುಗಳೂ ಸೇರಿದವು. ಯಾರ ಓಡಾಟದಿಂದ ಕಾರ್ನ್‌ವಾಲಿಸ್‌ನ ಸೈನ್ಯ ಉಂಡಿತೋ, ಎಂಬತ್ತು ವರ್ಷ ಆಗೋದರೊಳಗೆ ಆ ಓಡಾಟವೇ ಅಪರಾಧ. ಕಾಯ್ದೆ ಹೋಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ. ಅಷ್ಟರಲ್ಲಿ ತಾಂಡಾಗಳು ಕಾಡಂಚಿನಲ್ಲಿ, ಗುಡ್ಡದ ಬುಡದಲ್ಲಿ, ಯಾರಿಗೂ ಬೇಡದ ಜಾಗದಲ್ಲಿ ನಿಂತುಬಿಟ್ಟಿದ್ದವು. ಎತ್ತು ಮಾರಿ ಆಗಿತ್ತು. ಹೊರೋ ಅಭ್ಯಾಸ ಮಾತ್ರ ಉಳಿದಿತ್ತು. ಎತ್ತಿನ ಬೆನ್ನ ಮೇಲಿದ್ದ ಹೇರು ಹೆಂಗಸರ ತಲೆ ಮೇಲೆ ಬಂತು, ಉಪ್ಪಿನ ಬದಲು ಸೌದೆ. ಪೇಟೆಗಳಲ್ಲಿ ಹೋಟೆಲುಗಳು ಹೆಚ್ಚಾಗ್ತಾ ಇದ್ದ ಕಾಲವೂ ಅದೇ. ಅಲ್ಲಿಗೆ ದಾದಿ ಬರ್ತಾಳೆ.

ಅವಳ ಹೊರೆ ಯಾವ ಹೋಟೆಲಿನ ಒಲೆಗೆ ಹೋಯಿತು ಅಂತ ಲೆಕ್ಕ ಇಟ್ಟವರಿಲ್ಲ. ದಾವಣಗೆರೆ ತನಕ ಅವಳು ಬಂದೂ ಇರಲಿಲ್ಲ. ಆ ಹೋಟೆಲಿನ ಹಿಂಬಾಗಿಲಲ್ಲಿ ನಾನು ಹುಡುಕಿದ್ದು ಅವಳ ಗುರುತನ್ನಲ್ಲ, ಅಂಥದೊಂದು ಬಾಗಿಲು ಹೇಗಿರುತ್ತೆ ಅಂತ. ಚಿಕ್ಕದಾಗಿತ್ತು. ಹೊರೆ ಹೊತ್ತವರು ಬಗ್ಗಲೇಬೇಕು.

ಹೊರಡುವಾಗ ನಾಲ್ಕು ದೋಸೆ ಪಾರ್ಸಲ್ ಕಟ್ಟಿಸಿದೆ. ಯಜಮಾನರು "ಬ್ಯಾಡವ್ವ, ಪಾರ್ಸಲ್ ಮಾಡಿದ್ರ ಕೆಡ್ತತಿ" ಅಂದರು, ಆದರೂ ಕಟ್ಟಿಕೊಟ್ಟರು. ಫೆಬ್ರವರಿ ತಿಂಗಳು, ಸೇವಾಲಾಲ್ ಜಯಂತಿಗೆ ಊರಿಗೆ ಹೊರಟಿದ್ದೆ. ಸೂರಗೊಂಡನಕೊಪ್ಪವನ್ನು ಹೊರಗಿನವರು ಹೆಚ್ಚು ಕೇಳಿರಲ್ಲ. 2017ರ ಆಸುಪಾಸಿನ ತನಕ ಹೊನ್ನಾಳಿ ತಾಲ್ಲೂಕು, ಆಮೇಲೆ ನ್ಯಾಮತಿ. 1997ರ ತನಕ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಜಿಲ್ಲೆ ತಾಲ್ಲೂಕು ಹೇಗೇ ಬದಲಾದರೂ ನಮಗೆ ಅದು ಭಾಯಾಗಡ್, ಸಂತ ಸೇವಾಲಾಲರು ಹುಟ್ಟಿದ ಜಾಗ. ನಂಬಿಕೆಯ ಪ್ರಕಾರ 1739ರ ಫೆಬ್ರವರಿ 15. ತಂದೆ ಭೀಮಾ ನಾಯ್ಕ, ಸಾವಿರಾರು ದನಗಳ ಒಡೆಯ. ತಾಯಿ ಧರ್ಮಿಣಿ. ಸೇವಾಲಾಲರೂ ದನದ ಹಿಂದೆ ನಡೆದವರೇ. ಸಮಾಧಿ ಇರೋದು ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾಗಡದಲ್ಲಿ. ಹುಟ್ಟಿದ ಜಾಗಕ್ಕೂ ಮಲಗಿದ ಜಾಗಕ್ಕೂ ನಡುವೆ ಇರೋ ದೂರ ನೋಡಿದರೆ ಸಾಕು, ಇವರ ಜನ ಎಷ್ಟು ನಡೆದರು ಅಂತ ಗೊತ್ತಾಗುತ್ತೆ.

ಜಯಂತಿಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಮಾಲೆ ಹಾಕಿಕೊಂಡು ದಿನಗಟ್ಟಲೆ ನಡೆದು ಬರೋರೂ ಇದ್ದಾರೆ. ಅಲ್ಲಿನ ಅಡುಗೆಗೆ ಗೋಡೆ ಇಲ್ಲ. ಮೂರು ಕಲ್ಲು, ದೊಡ್ಡ ಹಂಡೆ, ಬೇಯೋ ಅನ್ನದ ಆವಿ. ಸಾರು ತಿರುವೋಕೆ ಹುಟ್ಟಿನಂಥ ಸೌಟು. ಭೋಗ್ ಅಂತ ಬೆಂಕಿಗೆ ಸಿಹಿ, ತುಪ್ಪ ಅರ್ಪಿಸ್ತಾರೆ. ಮೊದಲ ತುತ್ತು ಒಲೆಗೆ, ಆಮೇಲೆ ಮನುಷ್ಯರಿಗೆ. ಇದೂ ಸಾವಿರಾರು ಜನಕ್ಕೆ ಕೈ ಬಿಡುವಿಲ್ಲದೆ ಬಡಿಸೋ ಅಡುಗೆಯೇ, ಆದರೆ ಇಲ್ಲಿ ಮುಂಬಾಗಿಲು ಹಿಂಬಾಗಿಲು ಅಂತ ಇಲ್ಲ, ಯಾವ ಕಡೆಯಿಂದ ಬಂದರೂ ಎದುರಿಗೆ ಒಲೆ. ಕನ್ನಡಿ, ಕವಡೆ ಹೊಲಿದ ಫೇಟಿಯಾ ಉಟ್ಟ ಮುದುಕಿಯರು ಸಾಲಾಗಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ನನ್ನ ವಯಸ್ಸಿನ ಹುಡುಗಿಯರು ಅವರ ಪಕ್ಕ ನಿಂತು ಸೆಲ್ಫಿ ತಗೋತಿದ್ದರು. ನಾನೂ ಒಂದು ತಗೊಂಡೆ.

ಮನೆಗೆ ಬಂದಾಗ ಸಂಜೆ. ಪಾರ್ಸಲ್ ಬಿಚ್ಚಿದರೆ ಯಜಮಾನರು ಹೇಳಿದ್ದು ನಿಜ, ಬೆಣ್ಣೆ ಬಿಳಿಯಾಗಿ ಕಟ್ಟಿಕೊಂಡು ದೋಸೆ ಮೆತ್ತಗಾಗಿತ್ತು. ಅಪ್ಪ ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಸಣ್ಣವರಿದ್ದಾಗ ಅವರೂ ದಾದಿಯ ಹಿಂದೆ ಒಂದು ಪುಟ್ಟ ಹೊರೆ ಹೊತ್ತು ಹೋದವರು. ರುಚಿ ಹೇಗಿದೆ ಅಂತ ಹೇಳ್ತಾರೆ ಅಂದುಕೊಂಡೆ.

"ಯಾವ ಸೌದೆ ಹಾಕ್ತಾರೆ?" ಅಂತ ಕೇಳಿದರು.

ನೀಲಗಿರಿ ಇರಬೇಕು, ಗೋಡೆಗೆ ಒಟ್ಟಿದ್ದು ಹಾಗೇ ಕಾಣ್ತಿತ್ತು ಅಂದೆ.

"ಬೇಗ ಉರಿಯುತ್ತೆ, ಕೆಂಡ ನಿಲ್ಲಲ್ಲ" ಅಂದರು. ಇನ್ನೊಂದು ತುಂಡು ಮುರಿದರು.